ಸಂಘದ ಕಾರಿನ ಗೇರ್‌ಬಾಕ್ಸ್: ನಾವು ಏರಿಸಿದ್ದು, ಕೆಡಿಸಿದ್ದು, ಸರಿಪಡಿಸಿದ್ದು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಸದಸ್ಯರು ಎದ್ದು ನಿಂತು, "ಸಂಘ ಇರುವುದು ಕಾರ್ಮಿಕರ ಕಷ್ಟ ನೋಡಲಿಕ್ಕೋ, ಇಲ್ಲಾ ಗ್ಯಾರೇಜು ನಡೆಸಲಿಕ್ಕೋ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆ ದಿನ ನಮ್ಮ ಬಳಿ ಉತ್ತರವಿರಲಿಲ್ಲ. ಕಾರು ವಸಾಯಿಯಲ್ಲಿ ನಮ್ಮ ಸದಸ್ಯರೊಬ್ಬರ ಮನೆಯ ಅಂಗಳದಲ್ಲಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕುಳಿತಿತ್ತು, ಅದರ ಹೊಟ್ಟೆಯೊಳಗಿನದೆಲ್ಲ ನೆಲದ ಮೇಲಿತ್ತು. ಇಂದು ಕಾರು ಹೊರಗೆ ನಿಂತಿದೆ. ಬರುವಾಗ ತಾವು ನೋಡಿರಬಹುದು. ಲೆಕ್ಕದ ಪುಸ್ತಕವೂ ಮೇಜಿನ ಮೇಲಿದೆ. ಆದುದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇವೆ. ನಮ್ಮ ತಪ್ಪೂ ಅದರಲ್ಲಿ ಸಾಕಷ್ಟಿದೆ.

ಮೊದಲು, ನಮಗೆ ಆಟೋಮ್ಯಾಟಿಕ್ ಕಾರು ಯಾಕೆ ಬೇಕಿತ್ತು ಎಂಬ ಮಾತು. "ದೊಡ್ಡವರ ಷೋಕಿ" ಎಂದು ಕೆಲವರು ಆಡಿಕೊಂಡದ್ದು ನಮ್ಮ ಕಿವಿಗೂ ಬಿದ್ದಿದೆ. ನಮ್ಮ ಡ್ರೈವರಣ್ಣ ಹನ್ನೊಂದು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಬೆವರು ಸುರಿಸಿದವರು. ಒಂದು ಬೆಳಿಗ್ಗೆ ಒಲೆಯಿಂದ ಇಳಿಸುವಾಗ ಸಾಂಬಾರಿನ ಹಂಡೆ ಜಾರಿ ಎಡಗಾಲಿನ ಮೇಲೆ ಬಿತ್ತು. ಗಾಯ ಮಾಗಿತು, ಹರಡು ಮಾತ್ರ ಮಡಚುವುದಿಲ್ಲ. ಕ್ಲಚ್ಚು ಒತ್ತುವುದು ಅವರಿಂದ ಸಾಧ್ಯವಿಲ್ಲ. ಆಟೋಮ್ಯಾಟಿಕ್ ಕಾರಿಗೆ ಎರಡೇ ಪೆಡಲು. ಬಲಗಾಲೊಂದೇ ಎರಡನ್ನೂ ನೋಡಿಕೊಳ್ಳುತ್ತದೆ, ಎಡಗಾಲು ಸುಮ್ಮನೆ ಕುಳಿತಿರಬಹುದು. ಊರಿನ ಹಿತೈಷಿಯೊಬ್ಬರು ತಮ್ಮ ಹಳೆಯ ನಾಲ್ಕು ಗೇರಿನ ಆಟೋಮ್ಯಾಟಿಕ್ ಕಾರನ್ನು ಸಂಘಕ್ಕೆ ಬಿಟ್ಟುಕೊಟ್ಟರು. ರಾತ್ರಿ ಹೊತ್ತು ಸದಸ್ಯರನ್ನು ಪರೇಲಿನ ಆಸ್ಪತ್ರೆಗಳಿಗೆ ಮುಟ್ಟಿಸುವುದು, ಹೆರಿಗೆಗೆ ಕರೆದೊಯ್ಯುವುದು, ಊರಿಗೆ ಹೊರಟ ಮುದುಕರನ್ನು ರೈಲಿಗೆ ಬಿಡುವುದು ಎಲ್ಲ ಆ ಕಾರಿನಿಂದಲೇ. ಕಾರು ನಿಂತರೆ ಡ್ರೈವರಣ್ಣನ ಪಗಾರವೂ ನಿಂತಂತೆ. ಬೇರೆ ಕಾರು ಓಡಿಸಲು ಅವರ ಕಾಲು ಒಪ್ಪುವುದಿಲ್ಲ.

ಮಳೆಗಾಲದ ಮೊದಲ ವಾರದ ಒಂದು ರಾತ್ರಿ, ಆಸ್ಪತ್ರೆಯಿಂದ ಮರಳುವಾಗ, ಅಂಧೇರಿಯ ಹತ್ತಿರ ಕಾರು ಕೈಕೊಟ್ಟಿತು. ಎಂಜಿನ್ನು ಬೊಬ್ಬೆ ಹಾಕುತ್ತದೆ, ಗಾಲಿ ಮುಂದೆ ಹೋಗುವುದಿಲ್ಲ. ಬೆಳಿಗ್ಗೆ ಗೇರ್‌ಬಾಕ್ಸಿನ ಎಣ್ಣೆಕಡ್ಡಿ ಎಳೆದು ನೋಡಿದೆವು. ಆ ಎಣ್ಣೆ ಕೆಂಪಗೆ, ತಿಳಿಯಾಗಿ ಇರಬೇಕು. ಕಡ್ಡಿಗೆ ಹತ್ತಿ ಬಂದದ್ದು ನಮ್ಮ ಹೋಟೆಲಿನ ರೋಸ್ ಮಿಲ್ಕು! (ನಗು) ನಗುವ ಮಾತಲ್ಲ. ಗ್ಯಾರೇಜಿನವರು ಗೇರ್‌ಬಾಕ್ಸೇ ಹೋಗಿದೆ ಎಂದು 92,000 ರೂಪಾಯಿ ಕೇಳಿದರು. ಸಂಘದ ಪೆಟ್ಟಿಗೆಯಲ್ಲಿ ಅದರ ಮುಕ್ಕಾಲು ಪಾಲೂ ಇರಲಿಲ್ಲ.

ಆಗ ನಮಗೆ ನೆನಪಾದವರು ಫಿಟ್ಟರ್ ಕಾಕಾ. ಅಲ್ಲಿ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರೆ, ಹೆಸರು ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಬಿಜಾಪುರದ ಕಡೆಯಿಂದ ಬಂದು ಪರೇಲಿನ ಗಿರಣಿಯಲ್ಲಿ ಮಗ್ಗಗಳ ಫಿಟ್ಟರ್ ಆಗಿದ್ದವರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾಮಗಾರರು ಕೆಲಸ ನಿಲ್ಲಿಸಿ ಹೊರಬಂದಾಗ ಇವರೂ ಬಂದರು. ಮತ್ತೆ ಒಳಗೆ ಹೋಗುವ ಯೋಗ ಬರಲಿಲ್ಲ. ಅಲ್ಲಿಂದ ಮುಂದೆ ಟ್ಯಾಕ್ಸಿ ರಿಪೇರಿಯಲ್ಲಿ ಹೊಟ್ಟೆ ಹೊರೆದರು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆ ಬಿಟ್ಟುಹೋದ ಪದ್ಮಿನಿ ಟ್ಯಾಕ್ಸಿಗಳಿದ್ದವಲ್ಲ, ಅವುಗಳ ಗೇರ್‌ಬಾಕ್ಸು ಇಳಿಸಿ ಏರಿಸಿದ್ದಕ್ಕೆ ಕಾಕಾರ ಬಳಿ ಲೆಕ್ಕವಿಲ್ಲ. ಆದರೆ ಅದು ಕೈಯಿಂದ ಗೇರು ಹಾಕುವ ಪೆಟ್ಟಿಗೆ. "ಇದು ನನಗ ಹೊಸದು ನೋಡ್ರಿ, ಸುಳ್ಳು ಹೇಳಾಕ ಬರೂದಿಲ್ಲ" ಎಂದು ಮೊದಲೇ ಹೇಳಿಬಿಟ್ಟರು. ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಿದರು: "ಇದು ಯಾಕ ಸತ್ತತಿ ಅಂತ ತಿಳೀದ ಇನ್ನೊಂದು ಏರಸಬ್ಯಾಡ್ರಿ. ಅದೂ ಸಾಯತೈತಿ."

ಸತ್ತ ಕಾರಣ ಹುಡುಕಿದಾಗ ಅದು ಗೇರ್‌ಬಾಕ್ಸಿನಲ್ಲಿರಲಿಲ್ಲ, ರೇಡಿಯೇಟರಿನಲ್ಲಿತ್ತು. ಎಂಜಿನ್ನಿನ ನೀರು ತಣಿಸುವ ಆ ಡಬ್ಬಿಯೊಳಗೇ ಗೇರ್‌ಬಾಕ್ಸಿನ ಎಣ್ಣೆ ತಣಿಯಲೆಂದು ಒಂದು ಸಣ್ಣ ಕೊಳವೆ ಇರುತ್ತದೆ. ಆ ಕೊಳವೆ ತೂತಾಗಿ ನೀರು ಎಣ್ಣೆಗೆ ಸೇರಿತ್ತು. ಗೇರ್‌ಬಾಕ್ಸಿನೊಳಗೆ ಉಕ್ಕಿನ ಬಿಲ್ಲೆಗಳ ಮೇಲೆ ರಟ್ಟಿನಂಥ ಹೊದಿಕೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಹಿಡಿತ ಸಿಗುವುದು ಆ ಹೊದಿಕೆಯಿಂದ. ನೀರು ತಾಗಿದರೆ ಅಂಟು ಬಿಡುತ್ತದೆ, ತೊಳೆದು ಎಣ್ಣೆ ಬದಲಾಯಿಸಿದರೂ ಮೊದಲಿನಂತಾಗುವುದಿಲ್ಲ. ಗ್ಯಾರೇಜಿನವರ 92,000ದ ಚೀಟಿಯಲ್ಲಿ ರೇಡಿಯೇಟರಿನ ಹೆಸರೇ ಇರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅವರು ಹೊಸ ಪೆಟ್ಟಿಗೆ ಕೂರಿಸಿದ್ದರೂ ಅದೇ ನೀರು ಅದರೊಳಗೂ ಇಳಿಯುತ್ತಿತ್ತು. ನಾವು ಹೊಸ ರೇಡಿಯೇಟರು ತಂದೆವು, ಎಣ್ಣೆಯ ಕೊಳವೆಗಳಿಗೆ ಗಾಳಿ ಊದಿ, ಹೊಸ ಎಣ್ಣೆ ಹಾಯಿಸಿ ತೊಳೆದೆವು. ಕುರ್ಲಾದ ಹಳೆ ಸಾಮಾನಿನ ಬಜಾರಿನಲ್ಲಿ ಅದೇ ಮಾದರಿಯ ಇನ್ನೊಂದು ಗೇರ್‌ಬಾಕ್ಸು 26,000ಕ್ಕೆ ಸಿಕ್ಕಿತು.

ಈ ಪೆಟ್ಟಿಗೆ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯಲಾರದು. ಎರಡು ಪಂಖಗಳನ್ನು ಎದುರುಬದುರು ಇಡಿ. ಒಂದನ್ನು ಹಚ್ಚಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ, ಎರಡೂ ಪಂಖ ಒಂದೇ ಮುಚ್ಚಿದ ಡಬ್ಬಿಯೊಳಗೆ. ಅದೇ ಟಾರ್ಕ್ ಕನ್ವರ್ಟರು. ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಲ್ಲದೆ ಸಂಬಂಧ ಕಟ್ಟುವ ಡಬ್ಬಿ. ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರು 1905ರಲ್ಲಿ ಹಡಗಿಗಾಗಿ ಈ ಉಪಾಯಕ್ಕೆ ಹಕ್ಕುಪತ್ರ ಪಡೆದರು. ಅಮೆರಿಕದಲ್ಲಿ 1939ರಲ್ಲಿ ಕ್ಲಚ್ಚಿಲ್ಲದ ಗೇರ್‌ಬಾಕ್ಸು ಮಾರಾಟದ ಕಾರುಗಳಿಗೆ ಬಂತು. ಹಡಗಿನವರ ಉಪಾಯ ನಮ್ಮ ಡ್ರೈವರಣ್ಣನ ಕಾಲಿಗೆ ಆಸರೆಯಾಯಿತೆನ್ನಿ.

ಈ ಡಬ್ಬಿಯ ಹಿಂಭಾಗದಲ್ಲಿ ಟೊಳ್ಳಾದ ಒಂದು ಕುತ್ತಿಗೆ ಇದೆ. ಅದನ್ನು ಗೇರ್‌ಬಾಕ್ಸಿನ ಬಾಯೊಳಗೆ ತೂರಿಸುವಾಗ ಅದು ಒಂದಲ್ಲ, ಮೂರು ಕಡೆ ಹಲ್ಲಿಗೆ ಹಲ್ಲು ಕೂರಬೇಕು. ಗೇರಿನ ಒಳಗೆ ಹೋಗುವ ದಂಡಕ್ಕೆ ಒಂದು, ಅಲುಗಾಡದೆ ನಿಂತಿರುವ ಕೊಳವೆಗೆ ಇನ್ನೊಂದು, ಎಣ್ಣೆ ಪಂಪಿನ ಕಿವಿಗಳಿಗೆ ಮೂರನೆಯದು. ಡಬ್ಬಿಯನ್ನು ತಿರುಗಿಸುತ್ತ ಒತ್ತಿದರೆ ಒಂದೊಂದಾಗಿ "ಟಕ್" ಎಂದು ಒಳಕ್ಕೆ ಇಳಿಯುತ್ತದೆ. ಮೂರು ಸಲ ಇಳಿಯಬೇಕು. ಇದನ್ನು ನಮಗೆ ತಿಳಿಸಿದವನು ಯಾರೆಂದು ಬಲ್ಲಿರಾ? ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆಯುವ ಹುಡುಗ. ಊರಿನಲ್ಲಿ ಐ.ಟಿ.ಐ.ಯಲ್ಲಿ ಒಂದು ವರ್ಷ ಮೋಟಾರು ಕೆಲಸ ಕಲಿತು, ತಂದೆ ತೀರಿಕೊಂಡ ಮೇಲೆ ಬಿಟ್ಟು ಮುಂಬಯಿ ರೈಲು ಹತ್ತಿದವನು. ರಜೆಯ ದಿನ ಬಂದು ನಮ್ಮ ಜೊತೆ ಕಾರಿನ ಕೆಳಗೆ ಮಲಗಿದವನು.

ಕಾರಿನ ಕೆಳಗೆ ಮಲಗುವ ಮಾತು ಬಂತು, ಒಂದು ಎಚ್ಚರಿಕೆ ಹೇಳಿಬಿಡುತ್ತೇವೆ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಇಡಬೇಡಿ. ಇಟ್ಟಿಗೆ, ಸಿಮೆಂಟಿನ ಕಲ್ಲು ಕೂಡದು, ಅವು ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತವೆ. ಕಬ್ಬಿಣದ ಸ್ಟ್ಯಾಂಡು ಬಾಡಿಗೆಗೆ ಸಿಗುತ್ತದೆ. ಬ್ಯಾಟರಿಯ ತಂತಿ ಮೊದಲು ಬಿಚ್ಚಬೇಕು. ಗೇರ್‌ಬಾಕ್ಸು ತೆಗೆದರೆ ಎಂಜಿನ್ನಿಗೆ ಒಂದು ಕಡೆಯ ಆಸರೆ ತಪ್ಪುತ್ತದೆಯಾದ್ದರಿಂದ ಮೇಲಿನಿಂದ ತೊಲೆ ಅಡ್ಡ ಇಟ್ಟು ಸರಪಳಿಯಲ್ಲಿ ತೂಗುಹಾಕಬೇಕು. ಇದಿಷ್ಟನ್ನೂ ಕಾಕಾ ತಾವೇ ನಿಂತು ಮಾಡಿಸಿದರು. ಅಕ್ಕಿ ಮೂಟೆ ಹೊತ್ತವರಿಗೆ ಇದೇನು ಭಾರವೆಂದು ನಾವು ಎದೆ ತಟ್ಟಿಕೊಂಡಿದ್ದೆವು. ಅಕ್ಕಿ ಮೂಟೆ ಹೆಗಲಿಗೆ ಒಗ್ಗುತ್ತದೆ. ಇದಕ್ಕೆ ಹಿಡಿಯಲು ಜಾಗವೇ ಇಲ್ಲ, ಮೈಯೆಲ್ಲ ಎಣ್ಣೆ.

ಇನ್ನು ತಪ್ಪಿನ ಕಥೆ.

ಎರಡನೆಯ ಭಾನುವಾರ ಸಂಜೆ. ಆಕಾಶ ಕಪ್ಪಿಟ್ಟಿತ್ತು. ಕಾಕಾರಿಗೆ ಮೊಮ್ಮಗಳ ಜ್ವರವೆಂದು ಫೋನು ಬಂದು ಮಧ್ಯಾಹ್ನವೇ ಹೋಗಿದ್ದರು, "ನಾಳೆ ಏರಸೂಣು" ಎಂದು ಹೇಳಿಯೇ ಹೋಗಿದ್ದರು. ನಾವು, ಅಂದರೆ ಸಂಘದ ಪದಾಧಿಕಾರಿಗಳು, ಮಳೆಗೆ ಮೊದಲು ಏರಿಸಿಬಿಡೋಣವೆಂದೆವು. ಕುರ್ಲಾದವರು ಕನ್ವರ್ಟರು ಜಾರದಂತೆ ಬಾಯಿಗೆ ಅಡ್ಡಲಾಗಿ ತಂತಿ ಬಿಗಿದು ಕೊಟ್ಟಿದ್ದರು. ಅದು ಕೈಗೆ ಅಡ್ಡ ಬರುತ್ತದೆಂದು ಮೊದಲೇ ಕತ್ತರಿಸಿದ್ದೆವು. ಚೈನ್ ಕಪ್ಪಿಯಲ್ಲಿ ಎತ್ತುವಾಗ ಪೆಟ್ಟಿಗೆ ಬಾಯಿ ಕೆಳಗಾಗಿ ವಾಲಿತು, ಕನ್ವರ್ಟರು ಜಾರಿ ಒಂದು ಬೆರಳು ಮುಂದೆ ಬಂತು. ಹುಡುಗ ಅದನ್ನು ತಿರುಗಿಸಿ ಒತ್ತಿ ಒಳಗೆ ಕಳುಹಿಸಿದ. "ಆಯಿತೇನೋ?" ಎಂದೆವು. "ಆಯ್ತಣ್ಣ" ಎಂದ.

ಎಂಜಿನ್ನಿನ ಮುಖಕ್ಕೆ ಪೆಟ್ಟಿಗೆಯ ಬಾಯಿ ತಾಗಿಸಿದರೆ ಅರ್ಧ ಬೆರಳಿನ ಸಂದು ಉಳಿಯಿತು. ಕೈಯಿಂದ ದೂಡಿದರೆ ಹೋಗಲೊಲ್ಲದು. "ಬೋಲ್ಟು ಎಳೆದುಕೊಳ್ಳುತ್ತದೆ, ಬಿಗಿಯಿರಿ" ಎಂದೆವು. ಆ ಮಾತು ನಮ್ಮದು, ಹುಡುಗನದಲ್ಲ. ಪಾನಾ ಹಾಕಿ ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಗಿದೆವು. ಸಂದು ಕಿರಿದಾಗುತ್ತ ಬಂತು. ಕೊನೆಗೆ ಒಳಗೆಲ್ಲೋ "ಕಟಕ್" ಎಂದು ಸದ್ದಾಗಿ ಮುಖಕ್ಕೆ ಮುಖ ಕೂತಿತು. ನಾವು ಖುಷಿಯಿಂದ ಚಹಾ ತರಿಸಿದೆವು. ಹುಡುಗ ಕುಡಿಯಲಿಲ್ಲ. ಅದನ್ನು ಆಗ ನಾವು ಗಮನಿಸಲಿಲ್ಲ.

ಮರುದಿನ ಎಣ್ಣೆ ತುಂಬಿ ಚಾವಿ ತಿರುಗಿಸಿದೆವು. ಮೊದಲು "ಟಕ್ ಟಕ್" ಎಂದಷ್ಟೇ ಅಂದು ನಿಂತಿತು. ಪೆಟ್ಟಿಗೆಯಿಂದ ಕಾರಿನ ಮೈಗೆ ಹೋಗುವ ಅರ್ಥ್ ತಂತಿಯನ್ನು ಹಾಕಲು ಮರೆತಿದ್ದೆವು. ಅದು ಐದು ನಿಮಿಷದ ಕೆಲಸ. ಎಂಜಿನ್ನು ಹತ್ತಿತು, ಜೊತೆಗೆ ಒಂದು ಗರಗರ ಸದ್ದೂ ಬಂತು. ಗೇರು ಹಾಕಿದರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪೆಟ್ಟಿಗೆಯ ಬಾಯಿಯಿಂದ ಕೆಂಪು ಎಣ್ಣೆ ಅಂಗಳಕ್ಕೆ ಹರಿಯಿತು. ಕಾಕಾ ಕೂಡಲೇ ಚಾವಿ ಕಿತ್ತುಕೊಂಡರು. ಬೈಯಲಿಲ್ಲ. "ನಿನ್ನಿ ಕೂರಸುಮುಂದ ಏನಾತು? ಒಬ್ಬೊಬ್ರ ಹೇಳ್ರಿ" ಎಂದರು.

ನಾವು ಪದಾಧಿಕಾರಿಗಳು ಬೋಲ್ಟಿನ ಮಾತನ್ನು ನುಂಗಿ, "ಎಲ್ಲ ಸರಿಯಾಗಿಯೇ ಮಾಡಿದೆವು" ಎಂದೆವು! ಕುರ್ಲಾದವರು ಹಾಳು ಮಾಲು ಕೊಟ್ಟಿದ್ದಾರೆಂದೂ ಸೇರಿಸಿದೆವು. ಆ ರಾತ್ರಿ ಹನ್ನೊಂದು ಗಂಟೆಗೆ, ಹೋಟೆಲು ಮುಚ್ಚಿದ ಮೇಲೆ, ಹುಡುಗ ಆಫೀಸಿನ ಬಾಗಿಲಿಗೆ ಬಂದು ನಿಂತ. "ಅಣ್ಣ, ಎರಡೇ ಸಲ ಟಕ್ ಅಂತು. ಮೂರನೇದು ಆಗ್ಲಿಲ್ಲ. ಹೇಳಿದ್ರೆ ನನ್ನ ಲೆಕ್ಕಕ್ಕೆ ಹಾಕ್ತೀರಿ ಅಂತ ಹೆದ್ರಿಕೆ ಆಯ್ತು" ಎಂದ.

ಬಂಧುಗಳೇ, ಈ ಮಾತು ಎಲ್ಲಿಂದ ಬಂತೆಂದು ಈ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಪ್ಪು ಒಡೆದರೆ ಗಲ್ಲೆಯ ಮೇಲಿನ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದು ತಿಂಗಳ ಕೊನೆಗೆ ಪಗಾರದಲ್ಲಿ ಹಿಡಿಯುವುದು ನಮ್ಮಲ್ಲಿ ಎಷ್ಟು ಜನ ಅನುಭವಿಸಿಲ್ಲ! ಒಡೆದ ಚೂರನ್ನು ಕಸದ ಡಬ್ಬಿಯ ತಳದಲ್ಲಿ, ಈರುಳ್ಳಿ ಸಿಪ್ಪೆಯ ಕೆಳಗೆ ಮುಚ್ಚಿಡಲು ನಾವೇ ಒಬ್ಬರಿಗೊಬ್ಬರು ಕಲಿಸಿದ್ದೇವೆ. ಹದಿನೆಂಟು ಇಪ್ಪತ್ತು ವರ್ಷಕ್ಕೇ ಆ ವಿದ್ಯೆ ಕೈಗೆ ಹತ್ತುತ್ತದೆ. 1936ರ ವೇತನ ಪಾವತಿ ಕಾಯಿದೆಯಲ್ಲಿ, ಮಾಲು ಹಾಳಾದದ್ದು ಕೆಲಸಗಾರನ ವಶಕ್ಕೇ ಒಪ್ಪಿಸಿದ್ದಾಗಿ, ಅವನ ಅಲಕ್ಷ್ಯದಿಂದಲೇ ಹಾಳಾಗಿದ್ದರೆ ಮಾತ್ರ ಪಗಾರದಲ್ಲಿ ಹಿಡಿಯಬಹುದೆಂದಿತ್ತು. ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ಆದ ನಷ್ಟಕ್ಕಿಂತ ಒಂದು ಕಾಸೂ ಹೆಚ್ಚಿಲ್ಲದಂತೆ. 2019ರ ವೇತನ ಸಂಹಿತೆಯಲ್ಲೂ ಆ ಕಟ್ಟು ಉಳಿದಿದೆ. ಒದ್ದೆ ಕೈಯಿಂದ ಜಾರಿದ ಕಪ್ಪಿಗೆ ಕೇಳದೆ ಪಗಾರ ಹಿಡಿಯುವವರಿದ್ದರೆ ಚೀಟಿ ತಂದು ನಮಗೆ ತೋರಿಸಿ. ಅದು ಬೇರೆಯೇ ಕೆಲಸ, ಅದನ್ನೂ ಮಾಡೋಣ. ಆದರೆ ಆ ರಾತ್ರಿ ನಮಗೆ ಚುಚ್ಚಿದ್ದು ಇದು: ಆ ಹುಡುಗನ ಕಣ್ಣಿಗೆ ನಾವೂ ಗಲ್ಲೆಯ ಮೇಲೆ ಕುಳಿತವರಂತೆಯೇ ಕಂಡೆವು. ಕಂಡದ್ದರಲ್ಲಿ ಸುಳ್ಳೂ ಇರಲಿಲ್ಲ, ಬೋಲ್ಟು ಬಿಗಿಸಿದ ಮಾತನ್ನು ನಾವು ಕಾಕಾರ ಮುಂದೆ ಮುಚ್ಚಿಟ್ಟಿದ್ದೆವಲ್ಲ!

ಮರುದಿನ ಬೆಳಿಗ್ಗೆ ಮೊದಲ ಲೋಕಲಿಗೆ ಹುಡುಗನನ್ನು ಕರೆದುಕೊಂಡು ಕಾಕಾರ ಮನೆಗೆ ಹೋಗಿ ಎರಡೂ ತಪ್ಪು ಒಪ್ಪಿಸಿದೆವು. "ಹಂಗಾರ ಪಂಪು ಮುರದೈತಿ. ಬರ್ರಿ ಇಳಸೂಣು" ಎಂದು ಅಂಗಿ ಹಾಕಿಕೊಂಡರು. ಅಷ್ಟೇ.

ಇಳಿಸಿ ನೋಡಿದರೆ ಅವರು ಹೇಳಿದ್ದೇ ನಿಜ. ಕನ್ವರ್ಟರಿನ ಕುತ್ತಿಗೆಯ ಖಾಚೆಗಳು ಪಂಪಿನ ಕಿವಿಗಳೊಳಗೆ ಹೋಗದೆ ಅವುಗಳ ತಲೆಯ ಮೇಲೆ ನಿಂತಿದ್ದವು. ನಾವು ಬೋಲ್ಟಿನಿಂದ ಎಳೆದಾಗ ಕಿವಿಗಳು ಮುರಿದು, ಕುತ್ತಿಗೆಯೂ ಸೀಳಿತ್ತು. ಪಂಪು ಎಣ್ಣೆ ತಳ್ಳದಿದ್ದರೆ ಈ ಪೆಟ್ಟಿಗೆಯಲ್ಲಿ ಯಾವ ಗೇರೂ ಹಿಡಿಯುವುದಿಲ್ಲ. ಪುಣ್ಯಕ್ಕೆ ಎಂಜಿನ್ನು ಓಡಿದ್ದು ಒಂದು ನಿಮಿಷವೂ ಅಲ್ಲ. ಚೂರುಗಳು ಬಾಯಲ್ಲೇ ಸಿಕ್ಕವು, ಒಳಗೆ ಇಳಿದಿರಲಿಲ್ಲ.

ಹೊಸ ಪಂಪು ಎಲ್ಲಿಂದ ತರುವುದು? ಇಲ್ಲಿ ಕಾಕಾರ ಗಿರಣಿ ಬುದ್ಧಿ ಕೆಲಸ ಮಾಡಿತು. "ಸತ್ತ ಪೆಟ್ಟಿಗಿ ಮೂಲ್ಯಾಗ ಐತಲ್ಲ" ಎಂದರು. ನೀರು ಕೆಡಿಸಿದ್ದು ಅಂಟಿನ ಹೊದಿಕೆಯನ್ನು. ಪಂಪು ಬರೀ ಉಕ್ಕಿನ ಗಾಲಿ, ಅದಕ್ಕೆ ಏನೂ ಆಗಿರಲಿಲ್ಲ. ಹಳೆಯ ಪೆಟ್ಟಿಗೆಯಿಂದ ಪಂಪು ಬಿಚ್ಚಿ, ತೊಳೆದು, ಗಾಲಿಗಳ ಸಂದನ್ನು ಅಳೆದು, ಹೊಸ ಸೀಲು, ಹೊಸ ಗ್ಯಾಸ್ಕೆಟ್ಟು ಹಾಕಿ ಇದಕ್ಕೆ ಕೂರಿಸಿದರು. ಹಳೆಯ ಕನ್ವರ್ಟರು ಮಾತ್ರ ಬೇಡವೆಂದರು. ಅದು ಬೆಸುಗೆ ಹಾಕಿ ಮುಚ್ಚಿದ ಡಬ್ಬಿ, ಒಳಗೆ ನಿಂತ ಕೊಳಕನ್ನು ತೊಳೆಯಲು ಬರುವುದಿಲ್ಲ. ಬೇರೆಯದನ್ನು 8,000ಕ್ಕೆ ತಂದೆವು.

ಈ ಸಲ ಕನ್ವರ್ಟರಿಗೆ ಮೊದಲು ಒಂದು ಲೀಟರಿನಷ್ಟು ಎಣ್ಣೆ ಕುಡಿಸಿ, ಪೆಟ್ಟಿಗೆಯ ಬಾಯಿ ಮೇಲೆ ಮಾಡಿ ನಿಲ್ಲಿಸಿ, ಹುಡುಗನ ಕೈಗೇ ಕೊಟ್ಟೆವು. ಎಲ್ಲರೂ ಬಾಯಿ ಮುಚ್ಚಿ ನಿಂತೆವು. ಒಂದು. ಎರಡು. ಮೂರನೆಯದಕ್ಕೆ ಬಹಳ ಹೊತ್ತು ತಿರುಗಿಸಿದ. "ಟಕ್" ಎಂದು ಇಳಿದಾಗ ಅಂಗಳದ ಮಕ್ಕಳೂ ಚಪ್ಪಾಳೆ ತಟ್ಟಿದರು. ಕಾಕಾ ಅಷ್ಟಕ್ಕೆ ನಂಬಲಿಲ್ಲ. ಪೆಟ್ಟಿಗೆಯ ಬಾಯಿಗೆ ಅಡ್ಡವಾಗಿ ಉಕ್ಕಿನ ಪಟ್ಟಿ ಇಟ್ಟು ಕನ್ವರ್ಟರು ಎಷ್ಟು ಆಳಕ್ಕಿದೆಯೆಂದು ಅಳೆಯಿಸಿದರು, ತಂತಿ ಮತ್ತೆ ಬಿಗಿಸಿದರು. ಏರಿಸಿದಾಗ ಎಂಜಿನ್ನಿಗೂ ಪೆಟ್ಟಿಗೆಗೂ ಮುಖ ಕೈಯಿಂದಲೇ ಕೂಡಿತು. ಕೂಡಿದ ಮೇಲೂ ಕನ್ವರ್ಟರು ಬೆರಳಿನಿಂದ ಸಲೀಸಾಗಿ ತಿರುಗಬೇಕು, ಎಂಜಿನ್ನಿನ ತಗಡಿನ ಚಕ್ರಕ್ಕೂ ಅದಕ್ಕೂ ಎರಡು ಮೂರು ಮಿಲಿಮೀಟರು ಸಂದು ಉಳಿದಿರಬೇಕು. ಉಳಿದಿತ್ತು. ಆಮೇಲೆ ಅದನ್ನು ಮುಂದಕ್ಕೆ ಎಳೆದು ಚಕ್ರಕ್ಕೆ ಬೋಲ್ಟು ಹಾಕಿದೆವು. ಇಂಥ ಕೆಲಸಕ್ಕೆ ಕೈಹಾಕುವವರು ಇದೊಂದನ್ನು ನೆನಪಿಡಿ: ಕೈಗೆ ಕೂಡದ್ದನ್ನು ಬೋಲ್ಟಿನಿಂದ ಎಳೆಯಕೂಡದು.

ಇನ್ನು ಎರಡು ಸಣ್ಣ ತಪ್ಪುಗಳಿದ್ದವು. ಗೇರಿನ ಹಿಡಿಯನ್ನು ನಿಲುಗಡೆಯಲ್ಲಿ ಇಟ್ಟರೆ ಪೆಟ್ಟಿಗೆಯೊಳಗೆ ರಿವರ್ಸು ಬೀಳುತ್ತಿತ್ತು. ಕೇಬಲ್ಲಿನ ಅಳತೆ ತಪ್ಪಿತ್ತು. ಇದು ಜೀವಕ್ಕೆ ಅಪಾಯ. ಎರಡೂ ತುದಿಯನ್ನು ನ್ಯೂಟ್ರಲ್ಲಿಗೆ ತಂದು ಆಮೇಲೆ ನಟ್ಟು ಬಿಗಿದರೆ ಸರಿಹೋಗುತ್ತದೆ. ಎರಡನೆಯದು ಎಣ್ಣೆಯ ಅಳತೆ. ಎಂಜಿನ್ನು ನಿಲ್ಲಿಸಿ ಕಡ್ಡಿ ನೋಡಿ, ಹೆಚ್ಚಾಯಿತೆಂದು ಮುಕ್ಕಾಲು ಲೀಟರು ಹೊರಗೆ ತೆಗೆದಿದ್ದೆವು. ನಮ್ಮ ಕಾರಿನ ಪುಸ್ತಕ ಹೇಳುವುದು ಹೀಗೆ: ಎಂಜಿನ್ನು ಓಡುತ್ತಿರಬೇಕು, ಎಣ್ಣೆ ಚೆನ್ನಾಗಿ ಕಾದಿರಬೇಕು, ಬ್ರೇಕು ಒತ್ತಿ ಹಿಡಿಯನ್ನು ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ ತೆಗೆದಿರಬೇಕು, ಆಮೇಲೆ ಕಡ್ಡಿ ನೋಡಬೇಕು. ತೆಗೆದದ್ದನ್ನು ಮತ್ತೆ ಹಾಕಿದೆವು. ಎಣ್ಣೆಯೂ ಪುಸ್ತಕದಲ್ಲಿ ಬರೆದ ಜಾತಿಯದೇ ಆಗಬೇಕು. ಅಂಗಡಿಯವನು "ಎಲ್ಲಕ್ಕೂ ಇದೇ ನಡೆಯುತ್ತದೆ" ಎಂದರೆ ಕಿವಿಗೊಡಬೇಡಿ.

ಈಗ ಲೆಕ್ಕ. ಗೇರ್‌ಬಾಕ್ಸು 26,000, ರೇಡಿಯೇಟರು 4,500, ಎಣ್ಣೆ ಎರಡು ಸಲಕ್ಕೆ 7,200, ಕನ್ವರ್ಟರು 8,000, ಪಂಪಿನ ಸೀಲು ಗ್ಯಾಸ್ಕೆಟ್ಟು 1,800, ಸ್ಟ್ಯಾಂಡು ಮತ್ತು ಚೈನ್ ಕಪ್ಪಿಯ ಬಾಡಿಗೆ 1,500, ಟೆಂಪೋ 1,800. ಒಟ್ಟು 50,800 ರೂಪಾಯಿ. ಇದರಲ್ಲಿ ನಮ್ಮ ತಪ್ಪಿನಿಂದ ಹೋದದ್ದು ಎರಡನೆಯ ಸಲದ ಎಣ್ಣೆ 3,600, ಕನ್ವರ್ಟರು, ಸೀಲು ಸೇರಿ 13,400. ಇದನ್ನು ಬೇರೆ ಬಾಬಿನಲ್ಲಿ ಮುಚ್ಚದೆ "ತಪ್ಪಿನ ಖರ್ಚು" ಎಂದೇ ಬರೆದಿದ್ದೇವೆ. ಯಾರ ಹೆಸರಿನ ಮುಂದೆಯೂ ಬರೆದಿಲ್ಲ. ಹುಡುಗ ಮೊದಲ ತಿಂಗಳ 500 ತಂದು ಮೇಜಿನ ಮೇಲೆ ಇಟ್ಟಿದ್ದ. ಕಾಕಾ ಅದನ್ನು ಅವನ ಜೇಬಿಗೇ ತುರುಕಿ, ಐ.ಟಿ.ಐ.ಯ ಉಳಿದ ವರ್ಷ ಇಲ್ಲಿ ಮುಗಿಸುವುದಕ್ಕೆ ಅರ್ಜಿ ಎಲ್ಲಿ ಸಿಗುತ್ತದೆಂದು ವಿಚಾರಿಸಲು ಕಳುಹಿಸಿದ್ದಾರೆ. ಪದಾಧಿಕಾರಿಗಳಾದ ನಾವು ಐವರು ಆ 13,400ನ್ನು ನಮ್ಮ ಕೈಯಿಂದ ಐದು ತಿಂಗಳಲ್ಲಿ ತುಂಬುವುದೆಂದು ನಿರ್ಧರಿಸಿದ್ದೇವೆ. ಸಭೆ ಬೇರೆ ಹೇಳಿದರೆ ಹಾಗೆ.

ಕಾರು ಹನ್ನೆರಡು ದಿನದಿಂದ ಓಡುತ್ತಿದೆ. ಮೊದಲ ಎರಡು ದಿನ ಗೇರು ಬದಲಾಗುವಾಗ ಸ್ವಲ್ಪ ಜಗ್ಗುತ್ತಿತ್ತು, ಈಗ ಇಲ್ಲ. ಕೆಳಗೆ ರಟ್ಟು ಹಾಸಿ ದಿನವೂ ನೋಡುತ್ತೇವೆ, ಎಣ್ಣೆಯ ಹನಿ ಬಿದ್ದಿಲ್ಲ. ಆಸ್ಪತ್ರೆಗೆ ಹೋಗಬೇಕಾದವರು ಹಿಂದಿನ ದಿನ ರಾತ್ರಿ ಒಂಬತ್ತರೊಳಗೆ ಡ್ರೈವರಣ್ಣನಿಗೆ ತಿಳಿಸಬೇಕು. ಮುರಿದ ಪಂಪಿನ ಕಿವಿಗಳು ಆಫೀಸಿನ ಮೇಜಿನ ಮೇಲೆ ಒಂದು ಬಸಿಯಲ್ಲಿವೆ. ಹೋಗುವಾಗ ನೋಡಿಕೊಂಡು ಹೋಗಿ. ಆ ಬಸಿಯ ಅಂಚೂ ಸ್ವಲ್ಪ ಒಡೆದಿದೆ, ಯಾರು ಒಡೆದದ್ದೆಂದು ನಾವು ಕೇಳಿಲ್ಲ. (ನಗು, ಚಪ್ಪಾಳೆ)